ಪ್ರಾಂಶುಪಾಲರ ಮೇಜಿಗೆ ವಿದ್ಯಾರ್ಥಿಗಳ ಸಲಹೆ: ತಲುಪಿಸುವುದು ಹೇಗೆ?

ಮಳೆಗಾಲ ಹಿಡಿಯುವ ಮೊದಲೇ ಇದನ್ನು ಬರೆದು ಮುಗಿಸಬೇಕೆಂದು ಕುಳಿತಿದ್ದೇನೆ. ಕೊಡಗಿನ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ತಾಪತ್ರಯಗಳು ಒಟ್ಟೊಟ್ಟಿಗೆ ತಲೆ ಎತ್ತುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಆಗ ಎಲ್ಲರಿಗೂ ಸಿಟ್ಟಿರುತ್ತದೆ, ಆದರೆ ಯಾರ ಕೈಯಲ್ಲೂ ಒಂದು ಕಾಗದ ಇರುವುದಿಲ್ಲ.

ನಾನು ಮೂರ್ನಾಡು ಕಡೆಯವಳು. ಬಿ.ಕಾಂ. ಮುಗಿಸಿ ಈಗ ಎಂ.ಕಾಂ. ಓದುತ್ತಿದ್ದೇನೆ. ಪದವಿಯಲ್ಲಿದ್ದಾಗ ತರಗತಿ ಪ್ರತಿನಿಧಿಯಾಗಿದ್ದೆ, ಕೊನೆಯ ವರ್ಷ ಕಾಲೇಜಿನ ಆಂತರಿಕ ಗುಣಮಟ್ಟ ಭರವಸಾ ಕೋಶದಲ್ಲಿ, ಅಂದರೆ ನಾವೆಲ್ಲ ಐಕ್ಯೂಎಸಿ ಎನ್ನುವ ಸಮಿತಿಯಲ್ಲಿ, ವಿದ್ಯಾರ್ಥಿ ಸದಸ್ಯೆಯಾಗಿದ್ದೆ. ಪ್ರಾಂಶುಪಾಲರು ನಮ್ಮ ಮಾತು ಕೇಳುವುದೇ ಇಲ್ಲ ಎಂದು ಹುಡುಗರು ಹೇಳುತ್ತಲೇ ಇರುತ್ತಾರೆ. ನಾನು ಕಂಡಂತೆ ಅವರು ಕೇಳುತ್ತಾರೆ. ಆದರೆ ಕೇಳಿದ ಮೇಲೆ ಸಹಿ ಹಾಕಲು ಅವರಿಗೆ ಏನಾದರೊಂದು ಬೇಕು. ‘ಬಸ್ ಸರಿಯಿಲ್ಲ ಸರ್’ ಎಂಬ ಮಾತಿನ ಕೆಳಗೆ ಯಾರೂ ಸಹಿ ಹಾಕಲಾರರು. ಸಹಿ ಹಾಕಬಹುದಾದ ಕಾಗದವನ್ನು ಸಿದ್ಧಪಡಿಸುವುದೇ ನಮ್ಮ ಕೆಲಸ.

ಮೊದಲು ತಿಳಿಯಬೇಕಾದದ್ದು, ಯಾವುದು ಯಾರ ಕೈಯಲ್ಲಿದೆ ಎಂಬುದು. ತರಗತಿಯ ವೇಳಾಪಟ್ಟಿ ವಿಭಾಗದ ಮುಖ್ಯಸ್ಥರದ್ದು. ಸಮವಸ್ತ್ರ, ಗ್ರಂಥಾಲಯದ ಸಮಯ, ವಿಶ್ರಾಂತಿ ಕೊಠಡಿ, ಆಂತರಿಕ ಪರೀಕ್ಷೆಯ ದಿನಾಂಕ ಇವೆಲ್ಲ ಬಹುಮಟ್ಟಿಗೆ ಕಾಲೇಜಿನೊಳಗೇ ತೀರ್ಮಾನವಾಗುತ್ತವೆ. ಸೆಮಿಸ್ಟರ್ ಪರೀಕ್ಷೆಯ ದಿನಾಂಕ, ಫಲಿತಾಂಶ, ಅಂಕಪಟ್ಟಿ ವಿಶ್ವವಿದ್ಯಾಲಯದ ಪರೀಕ್ಷಾಂಗ ಕುಲಸಚಿವರಿಗೆ ಸೇರಿದ್ದು. ನಮ್ಮ ಜಿಲ್ಲೆಯ ಕಾಲೇಜುಗಳು ಮೊದಲು ಮಂಗಳೂರು ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. 2023ರಲ್ಲಿ ಕುಶಾಲನಗರದ ಬಳಿ ಚಿಕ್ಕಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಆರಂಭವಾಯಿತು. ಯಾವ ವರ್ಷ ಸೇರಿದವರ ಪತ್ರ ಯಾವ ವಿಶ್ವವಿದ್ಯಾಲಯಕ್ಕೆ ಹೋಗಬೇಕು ಎಂಬುದನ್ನು ಕಚೇರಿಯಲ್ಲಿ ಕೇಳಿ ತಿಳಿದುಕೊಂಡೇ ಬರೆಯಿರಿ. ಇಂಥ ವಿಷಯಗಳಲ್ಲಿ ಪ್ರಾಂಶುಪಾಲರು ಮಾಡಬಹುದಾದದ್ದು ಒಂದೇ: ನಮ್ಮ ಮನವಿಗೆ ತಮ್ಮ ಶಿಫಾರಸು ಸೇರಿಸಿ ಮುಂದಕ್ಕೆ ಕಳುಹಿಸುವುದು. ಹಾಗಾದರೆ ಅಷ್ಟನ್ನೇ ಕೇಳಬೇಕು. ಅವರ ಕೈಯಲ್ಲಿಲ್ಲದ್ದನ್ನು ಕೇಳಿ, ಸಿಗಲಿಲ್ಲವೆಂದು ನೊಂದುಕೊಂಡು ಬಂದವರನ್ನು ತುಂಬ ನೋಡಿದ್ದೇನೆ.

ಬಸ್ಸಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ರೈಲೇ ಇಲ್ಲದ ಜಿಲ್ಲೆ ನಮ್ಮದು, ಓದು ಬಸ್ಸಿನ ಮೇಲೆಯೇ ನಿಂತಿದೆ. ನಮ್ಮ ತರಗತಿಯಲ್ಲಿ ನಾಪೋಕ್ಲು ಕಡೆಯಿಂದ ಬರುವ ಕೆಲವರಿಗೆ ಪ್ರತಿ ಸೆಮಿಸ್ಟರ್‌ನಲ್ಲೂ ಹಾಜರಾತಿ ಕೊರತೆ. ಶೇಕಡಾ 75 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಎಚ್ಚರಿಕೆ ಅವರಿಗೆ ಬರುತ್ತಲೇ ಇತ್ತು. ಬೆಳಿಗ್ಗೆ ಬೇಗ ಏಳಿ ಎಂಬ ಬುದ್ಧಿಮಾತೂ ಜೊತೆಗೆ. ನಾವು ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟೆವು. ಮೊದಲ ಕಾಲಂನಲ್ಲಿ ಬಸ್ ಹತ್ತುವ ಸ್ಥಳ, ಎರಡನೆಯದರಲ್ಲಿ ಸರ್ಕಾರಿಯೋ ಖಾಸಗಿಯೋ, ಮೂರನೆಯದರಲ್ಲಿ ಆ ದಿನ ನಿಲ್ದಾಣ ತಲುಪಿದ ಸಮಯ, ನಾಲ್ಕನೆಯದರಲ್ಲಿ ತಪ್ಪಿದ ಪೀರಿಯಡ್. ಕೆಲವು ವಾರ ಬರೆದ ಮೇಲೆ ಪುಟಗಳನ್ನು ತಿರುವಿ ಹಾಕಿದರೆ ಯಾರೂ ಗಮನಿಸದಿದ್ದ ಸಂಗತಿಯೊಂದು ಕಂಡಿತು. ತಪ್ಪುತ್ತಿದ್ದದ್ದು ಮೊದಲ ಪೀರಿಯಡ್ ಮಾತ್ರ, ಅದೂ ವಾರದಲ್ಲಿ ಹೆಚ್ಚಿನ ದಿನ ಒಂದೇ ವಿಷಯದ್ದು. ಉಳಿದ ವಿಷಯಗಳಲ್ಲಿ ಅವರ ಹಾಜರಾತಿ ಚೆನ್ನಾಗಿಯೇ ಇತ್ತು.

ಅಂದರೆ ಬಸ್ಸಿನ ಸಮಯ ಬದಲಾಗಲೇಬೇಕೆಂದಿರಲಿಲ್ಲ. ಆ ವಿಷಯವನ್ನು ಎರಡು ದಿನ ಮಧ್ಯಾಹ್ನದ ಮೊದಲ ಪೀರಿಯಡ್‌ಗೆ ಸರಿಸಿದರೆ ಸಾಕಿತ್ತು. ವಿಭಾಗದ ಮುಖ್ಯಸ್ಥೆ ನೋಟ್‌ಬುಕ್ ನೋಡಿ, ಅಲ್ಲಿಯೇ ಪೆನ್ಸಿಲ್ ತೆಗೆದು ವೇಳಾಪಟ್ಟಿಯಲ್ಲಿ ಎರಡು ಚೌಕಗಳನ್ನು ಅದಲುಬದಲು ಮಾಡಿದರು. ಆ ಹೊತ್ತು ನನಗಾದ ಸಂತೋಷ ಇಂದಿಗೂ ಹಾಗೆಯೇ ಇದೆ.

ಬಸ್ಸಿನ ಸಮಯವನ್ನೇ ಬದಲಿಸಬೇಕಾದ ಊರುಗಳೂ ಇವೆ. ಅಂಥಲ್ಲಿ ಸಾರಿಗೆ ಸಂಸ್ಥೆಯ ಬಸ್ಸಾದರೆ ಘಟಕ ವ್ಯವಸ್ಥಾಪಕರಿಗೆ ಬರೆಯಬೇಕು. ಮಡಿಕೇರಿ ಘಟಕ ಪುತ್ತೂರು ವಿಭಾಗಕ್ಕೆ ಸೇರಿರುವುದರಿಂದ ಒಂದು ಪ್ರತಿ ಅಲ್ಲಿಗೂ ಹೋಗಲಿ. ಖಾಸಗಿ ಬಸ್ಸಿನ ಪರವಾನಗಿ ಮತ್ತು ಸಮಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ವ್ಯಾಪ್ತಿಯಲ್ಲಿವೆ, ಜಿಲ್ಲಾಧಿಕಾರಿಯವರೇ ಅದರ ಅಧ್ಯಕ್ಷರು. ಪತ್ರ ಕಾಲೇಜಿನ ಲೆಟರ್‌ಹೆಡ್‌ನಲ್ಲಿ, ಪ್ರಾಂಶುಪಾಲರ ಸಹಿಯೊಂದಿಗೆ ಹೋದರೆ ಅದರ ತೂಕವೇ ಬೇರೆ. ಸರ್ಕಾರಿ, ಖಾಸಗಿ ಎಂದು ಬೇರೆ ಬೇರೆ ಬರೆದುಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತ. ಆದರೆ ಖಾಸಗಿ ಬಸ್ ಮಾತ್ರ ಓಡುವ ದಾರಿಗಳಲ್ಲಿ ಕೂಲಿ ಕಾರ್ಮಿಕರ ಮಗಳು ದಿನವೂ ಹಣ ಕೊಟ್ಟೇ ಬರಬೇಕು. ಕಾಲೇಜಿನಲ್ಲಿ ಬಡ ವಿದ್ಯಾರ್ಥಿಗಳ ನಿಧಿ ಇದ್ದರೆ ಅದು ಯಾರಿಗೆ ಮೊದಲು ಸಲ್ಲಬೇಕು ಎಂಬುದನ್ನು ಈ ಕಾಲಂ ತೋರಿಸುತ್ತದೆ.

ಅಭಿಪ್ರಾಯ ಸಂಗ್ರಹಿಸಲು ಗೂಗಲ್ ಫಾರ್ಮ್ ಒಂದನ್ನೇ ನಂಬಬೇಡಿ. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ ನಮ್ಮ ಊರುಗಳಲ್ಲಿ ನೆಟ್‌ವರ್ಕ್ ಕೂಡ ಹೋಗುತ್ತದೆ. ಫಾರ್ಮ್ ತುಂಬುವವರು ಪೇಟೆಯ ಹುಡುಗರು ಮಾತ್ರ ಆಗುತ್ತಾರೆ, ಹೆಚ್ಚು ಕಷ್ಟ ಇರುವವರು ಲೆಕ್ಕಕ್ಕೇ ಬರುವುದಿಲ್ಲ. ಅರ್ಧ ಹಾಳೆಯಲ್ಲಿ ಮೂರು ಪ್ರಶ್ನೆ ಮುದ್ರಿಸಿ ತರಗತಿಯಲ್ಲಿಯೇ ಹಂಚಿ, ಹೆಸರು ಬರೆಸದೆ ವಾಪಸ್ ತೆಗೆದುಕೊಳ್ಳಿ. ಮೂರಕ್ಕಿಂತ ಹೆಚ್ಚು ಪ್ರಶ್ನೆ ಬೇಡ.

ಇಷ್ಟಾದರೂ ಬಾಯಿ ಬಿಡದವರು ಇರುತ್ತಾರೆ. ತೋಟದ ಕಾರ್ಮಿಕರ ಲೈನ್‌ಮನೆಗಳಿಂದ, ಆದಿವಾಸಿಗಳ ಹಾಡಿಗಳಿಂದ ಬರುವ ಮಕ್ಕಳು ಸಭೆಯಲ್ಲಿ ಕೈ ಎತ್ತುವುದು ಅಪರೂಪ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲಿನ ಕಾಲದಲ್ಲಿ ಅವರಲ್ಲಿ ಕೆಲವರು ಮನೆಯವರ ಜೊತೆ ತೋಟಕ್ಕೆ ಹೋಗುತ್ತಾರೆ. ಆಂತರಿಕ ಪರೀಕ್ಷೆ ಅದೇ ಹೊತ್ತಿಗೆ ಬಿದ್ದರೆ ಅಂಕ ಹೋಯಿತು. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯವರಿಗೆ ಬೆಳಗಿನ ಜಾವ ಆನೆ ರಸ್ತೆಯಲ್ಲಿದೆ ಎಂದರೆ ಬಸ್ ನಿಲ್ದಾಣದವರೆಗೆ ನಡೆದು ಬರಲಾಗುವುದಿಲ್ಲ. ‘ಆನೆ ಇತ್ತು ಸರ್’ ಎಂದರೆ ಹೊರಗಿನಿಂದ ಬಂದ ಉಪನ್ಯಾಸಕರು ಕೆಲವರು ನಂಬುವುದಿಲ್ಲ, ತರಗತಿಯೂ ನಗುತ್ತದೆ. ಒಮ್ಮೆ ನಕ್ಕರೆ ಆ ಮಗು ಮತ್ತೆಂದೂ ಕಾರಣ ಹೇಳುವುದಿಲ್ಲ. ಇವರನ್ನು ಪ್ರತ್ಯೇಕವಾಗಿ, ಬಸ್ಸಿನಲ್ಲೋ ಊಟದ ಹೊತ್ತಿನಲ್ಲೋ ಪಕ್ಕದಲ್ಲಿ ಕುಳಿತು ಕೇಳಿ. ಅವರು ಹೇಳಿದ್ದನ್ನು ಪತ್ರದಲ್ಲಿ ಸೇರಿಸಿ, ಹೆಸರು ಮಾತ್ರ ಸೇರಿಸಬೇಡಿ. ಪ್ರಾಂಶುಪಾಲರಿಗೆ ಬೇಕಾದದ್ದು ಎಷ್ಟು ಜನ, ಯಾವ ಕಡೆಯವರು ಎಂಬ ಲೆಕ್ಕ. ಹೆಸರಿರುವ ನೋಟ್‌ಬುಕ್ ತರಗತಿ ಪ್ರತಿನಿಧಿಯ ಚೀಲದಲ್ಲಿಯೇ ಇರಲಿ.

ಇನ್ನು ಪತ್ರ. ಒಂದು ಪುಟ, ಒಂದು ವಿಷಯ. ಹತ್ತು ಬೇಡಿಕೆಗಳ ಪಟ್ಟಿ ಕೊಟ್ಟರೆ ‘ಪರಿಶೀಲಿಸೋಣ’ ಎಂಬ ಒಂದೇ ಉತ್ತರ ಬರುತ್ತದೆ. ಮೊದಲ ಪತ್ರಕ್ಕೆ ಖರ್ಚಿಲ್ಲದ, ಪ್ರಾಂಶುಪಾಲರ ಅಧಿಕಾರದೊಳಗೇ ಇರುವ ವಿಷಯ ಆರಿಸಿಕೊಳ್ಳಿ. ನಾವು ಆರಿಸಿಕೊಂಡದ್ದು ಶೂ. ಸಮವಸ್ತ್ರದ ಜೊತೆ ಕಪ್ಪು ಶೂ ಕಡ್ಡಾಯವಾಗಿತ್ತು. ಜುಲೈಯಲ್ಲಿ ಒಮ್ಮೆ ನೆನೆದ ಶೂ ನಮ್ಮಲ್ಲಿ ವಾರವಾದರೂ ಒಣಗುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೂ ಒಳಗಿನ ತೇವ ಹೋಗದೆ, ಬೆಳಿಗ್ಗೆ ಅದರೊಳಗೆ ಕಾಲಿಟ್ಟರೆ ಕಾಲ್ಚೀಲ ಮನೆಯಲ್ಲೇ ಒದ್ದೆ. ಹುಡುಗಿಯರ ಕಾಲ್ಬೆರಳುಗಳ ನಡುವೆ ಹುಣ್ಣಾಗಿತ್ತು. ಪತ್ರ ಹೀಗಿತ್ತು:

‘ವಿಷಯ: ಮಳೆಗಾಲದಲ್ಲಿ ಶೂ ಬದಲು ಚಪ್ಪಲಿ ಧರಿಸಲು ಅನುಮತಿ ಮತ್ತು ಒದ್ದೆ ಕೊಡೆ, ಜರ್ಕಿನ್ ಇಡಲು ಸ್ಥಳ ಕೋರಿ.

ಮಾನ್ಯರೇ, ಜೂನ್‌ನಿಂದ ಆಗಸ್ಟ್‌ವರೆಗೆ ದೂರದ ಊರುಗಳಿಂದ ಬರುವ ವಿದ್ಯಾರ್ಥಿಗಳು ಪ್ರತಿದಿನ ಒದ್ದೆ ಶೂನಲ್ಲಿ ಸಂಜೆಯವರೆಗೆ ಕುಳಿತಿರಬೇಕಾಗಿದೆ. ಇದರಿಂದ ಕಾಲಿನಲ್ಲಿ ಹುಣ್ಣು ಮತ್ತು ಶೀತ ಸಾಮಾನ್ಯವಾಗಿದೆ. ಈ ಮೂರು ತಿಂಗಳು ಹಿಂಪಟ್ಟಿ ಇರುವ ಕಪ್ಪು ಪ್ಲಾಸ್ಟಿಕ್ ಚಪ್ಪಲಿ ಧರಿಸಲು ಅನುಮತಿ ನೀಡಬೇಕಾಗಿ ಕೋರುತ್ತೇವೆ. ಪ್ರಯೋಗಾಲಯದಲ್ಲಿ ಶೂ ನಿಯಮ ಈಗಿರುವಂತೆಯೇ ಇರಲಿ. ಮೆಟ್ಟಿಲಿನ ಕೆಳಗಿನ ಖಾಲಿ ಜಾಗದಲ್ಲಿ ಹಗ್ಗ ಕಟ್ಟಿ ಜರ್ಕಿನ್ ಹಾಕಲು ಅವಕಾಶ ಕೊಟ್ಟರೆ ಹಗ್ಗ ನಾವೇ ತರುತ್ತೇವೆ, ಸ್ವಚ್ಛತೆಯ ಹೊಣೆ ಆಯಾ ವಾರದ ತರಗತಿಯದ್ದು. ಆಗಸ್ಟ್ ಕೊನೆಗೆ ಇದು ಹೇಗೆ ನಡೆಯಿತೆಂದು ತಮಗೆ ವರದಿ ಕೊಡುತ್ತೇವೆ.’

ಗಮನಿಸಿ: ಏನು ಬೇಕು, ಎಷ್ಟು ಕಾಲ, ಏನು ಬೇಡ, ಖರ್ಚು ಯಾರದು, ಹೊಣೆ ಯಾರದು, ಎಲ್ಲವೂ ಅದರಲ್ಲಿದೆ. ಪ್ರಯೋಗಾಲಯದ ಸಾಲು ಮುಖ್ಯವಾಗಿತ್ತು. ಅವರು ಎತ್ತಬಹುದಾದ ಆಕ್ಷೇಪಣೆಗೆ ಅದು ಮುಂಚಿತವಾಗಿಯೇ ಉತ್ತರ ಹೇಳಿತು. ಆ ವಾರವೇ ಸೂಚನಾ ಫಲಕದಲ್ಲಿ ಆದೇಶ ಬಂತು.

ಭೇಟಿಗೆ ಮೂವರು ಹೋಗಿ, ಅವರಲ್ಲಿ ಒಬ್ಬರು ಮೊದಲ ವರ್ಷದವರಾಗಿರಲಿ. ದಾಖಲಾತಿಯ ದಿನಗಳಲ್ಲಿ, ಪರೀಕ್ಷೆಯ ಹಿಂದಿನ ವಾರದಲ್ಲಿ ಹೋಗಬೇಡಿ. ಕಚೇರಿ ಅಧೀಕ್ಷಕರಿಗೆ ಮೊದಲೇ ವಿಷಯ ತಿಳಿಸಿ, ಏಕೆಂದರೆ ಕಡತ ನಡೆಯುವುದು ಅವರ ಮೇಜಿನ ಮೂಲಕ. ಹಣ ಇಲ್ಲ ಎಂಬ ಉತ್ತರ ಬಂದರೆ ನಿಮ್ಮ ಶುಲ್ಕದ ರಸೀದಿ ಜೊತೆಗಿರಲಿ. ಕ್ರೀಡೆ, ವಾಚನಾಲಯ, ಪ್ರಯೋಗಾಲಯ ಎಂದು ಅದರಲ್ಲಿ ಬಾಬ್ತುಗಳು ಬೇರೆ ಬೇರೆ ನಮೂದಾಗಿರುತ್ತವೆ. ಯಾವ ಬಾಬ್ತಿನಲ್ಲಿ ಈ ಕೆಲಸ ಆಗಬಹುದು ಎಂದು ವಿನಯದಿಂದ ಕೇಳಿ.

ಉಪನ್ಯಾಸಕರ ಹೆಸರೆತ್ತಿ ಗುಂಪಿನಲ್ಲಿ ಮಾತನಾಡಬೇಡಿ. ಅಕೌಂಟ್ಸ್ ಅರ್ಥವಾಗುತ್ತಿಲ್ಲ ಎಂದಾದರೆ, ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ತಿಂಗಳು ವಾರಕ್ಕೆ ಎರಡು ಗಂಟೆ ಕನ್ನಡದಲ್ಲಿ ವಿವರಿಸುವ ತರಗತಿ ಬೇಕು ಎಂದು ಕೇಳಿ. ಹೀಗೆ ಕೇಳಿದಾಗ ನಮ್ಮ ಮೇಷ್ಟ್ರೊಬ್ಬರು ತಾವಾಗಿಯೇ ಮುಂದೆ ಬಂದರು.

ಮಳೆ ರಜೆಯ ಬಗ್ಗೆ ಪ್ರತ್ಯೇಕ ಪತ್ರ ಕೊಡಿ. ಜಿಲ್ಲಾಡಳಿತದ ರಜೆ ಕೆಲವೊಮ್ಮೆ ಅಂಗನವಾಡಿ, ಶಾಲೆ ಮತ್ತು ಪಿಯು ಕಾಲೇಜುಗಳಿಗೆ ಮಾತ್ರ ಇರುತ್ತದೆ. ಆಗ ಪದವಿ ಕಾಲೇಜಿನವರ ಗತಿ ಏನು? ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ ನೀರು ಉಕ್ಕಿದರೆ ಆ ಕಡೆಯವರು ಬರುವುದು ಕಷ್ಟ. ಕರಡಿಗೋಡಿನಲ್ಲಿ ಕಾವೇರಿ ದಡ ಮೀರಿದರೆ ಮನೆ ಖಾಲಿ ಮಾಡುವವರಿಗೆ ತರಗತಿಯ ಯೋಚನೆ ಎಲ್ಲಿ ಬರಬೇಕು? 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ಕಂಡ ಜಿಲ್ಲೆ ಇದು, ‘ಸಾಹಸ ಮಾಡಿ ಬನ್ನಿ’ ಎಂದು ಯಾರೂ ಹೇಳಬಾರದು. ರಸ್ತೆ ಕಡಿದ ದಿನಗಳಲ್ಲಿ ಆ ಕಡೆಯ ವಿದ್ಯಾರ್ಥಿಗಳಿಗೆ ಗೈರುಹಾಜರಿ ಹಾಕದಿರುವುದು, ಹೋದ ಪಾಠವನ್ನು ಯಾವ ಶನಿವಾರ ತುಂಬಿಸುವುದು ಎಂಬ ಎರಡನ್ನೂ ಮೇ ತಿಂಗಳಲ್ಲಿಯೇ ಬರೆದು ಕೊಡಿ. ಹಬ್ಬಗಳದ್ದೂ ಹೀಗೆಯೇ. ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ತುಲಾ ಸಂಕ್ರಮಣ ಅಕ್ಟೋಬರ್ ಮಧ್ಯದಲ್ಲಿ ಬರುತ್ತದೆ ಎಂಬುದು ಗೊತ್ತಿರುವ ಸಂಗತಿ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ಮುಹೂರ್ತ ಮಾತ್ರ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಶ್ಚಯವಾದ ಮೇಲೆ ತಿಳಿಯುತ್ತದೆ. ನಿಶ್ಚಯವಾದ ಮರುದಿನವೇ ಪತ್ರ ವಿಶ್ವವಿದ್ಯಾಲಯಕ್ಕೆ ಹೊರಡಬೇಕು.

ಸಲಹೆಯ ದಾರಿಯಲ್ಲಿ ಹೋಗಬಾರದ ಸಂಗತಿಗಳೂ ಇವೆ. ಲೈಂಗಿಕ ಕಿರುಕುಳ ನೇರವಾಗಿ ಆಂತರಿಕ ದೂರು ಸಮಿತಿಗೆ ಹೋಗಬೇಕು. ರ‍್ಯಾಗಿಂಗ್ ಆದರೆ ರಾಷ್ಟ್ರೀಯ ಸಹಾಯವಾಣಿ 1800-180-5522 ಇದೆ. ಅಂಕ, ಶುಲ್ಕ, ವಿದ್ಯಾರ್ಥಿವೇತನದಲ್ಲಿ ಅನ್ಯಾಯವಾದರೆ, ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2023ರ ನಿಯಮದಂತೆ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಲೇಬೇಕು, ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು. ಅಲ್ಲಿ ಒಪ್ಪಿಗೆಯಾಗದಿದ್ದರೆ ಒಂಬುಡ್ಸ್‌ಪರ್ಸನ್‌ಗೆ, ಅಂದರೆ ಇಂಥ ಮೇಲ್ಮನವಿ ಕೇಳಲೆಂದೇ ನೇಮಕವಾದವರಿಗೆ, ಮೇಲ್ಮನವಿ ಸಲ್ಲಿಸಬಹುದು.

ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂರು ದಶಕಗಳೇ ಕಳೆದಿವೆ. ಹಾಗಾಗಿ ಐಕ್ಯೂಎಸಿಯಲ್ಲಿರುವ ವಿದ್ಯಾರ್ಥಿಯ ಕುರ್ಚಿಯನ್ನು ಖಾಲಿ ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆ ನ್ಯಾಕ್‌ನ ಮೌಲ್ಯಮಾಪನದಲ್ಲಿ, ವಿದ್ಯಾರ್ಥಿಗಳ ಅಭಿಪ್ರಾಯ ಪಡೆದು ಅದರ ಮೇಲೆ ಏನು ಕ್ರಮ ಕೈಗೊಂಡಿರಿ ಎಂದು ಕಾಲೇಜನ್ನು ಕೇಳುತ್ತಾರೆ. ಸಭೆಯಲ್ಲಿ ನೀವೂ ಅದನ್ನೇ ಕೇಳಿ: ಕಳೆದ ವರ್ಷ ನಾವು ತುಂಬಿಕೊಟ್ಟ ಅಭಿಪ್ರಾಯ ಪತ್ರಗಳ ಮೇಲೆ ಏನು ಕ್ರಮ ಆಯಿತು? ಉತ್ತರ ನಡಾವಳಿಯಲ್ಲಿ ದಾಖಲಾಗಲಿ, ಅದರ ಪ್ರತಿ ಕೇಳಿ ಪಡೆಯಿರಿ.

ಯಾವುದೇ ಪತ್ರ ಕೊಟ್ಟಾಗ ಎರಡನೆಯ ಪ್ರತಿಯ ಮೇಲೆ ದಿನಾಂಕ ಸಮೇತ ಕಚೇರಿಯ ಮೊಹರು ಹಾಕಿಸಿಕೊಳ್ಳಿ. ಎರಡು ವಾರ ಕಾದು, ಉತ್ತರ ಬರದಿದ್ದರೆ ನಾಲ್ಕು ಸಾಲಿನ ನೆನಪೋಲೆ ಕೊಡಿ. ಕೆಲಸ ಆದರೆ ಧನ್ಯವಾದದ ಪತ್ರವನ್ನೂ ಕೊಡಿ, ಅದಕ್ಕೂ ಮೊಹರು ಹಾಕಿಸಿ. ನಾವು ಮೂರು ವರ್ಷಕ್ಕೆ ಹೊರಟುಹೋಗುವವರು, ಪ್ರತಿ ಹೊಸ ತಂಡವೂ ಅ ಆ ಇ ಈಯಿಂದ ಶುರು ಮಾಡುವಂತಾಗಬಾರದು. ಪತ್ರಗಳು, ನಡಾವಳಿಯ ಪ್ರತಿಗಳು, ಬಸ್ಸಿನ ಲೆಕ್ಕದ ಸಾರಾಂಶ ಇವನ್ನೆಲ್ಲ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ ಎರಡನೆಯ ವರ್ಷದ ಪ್ರತಿನಿಧಿಗೆ ಕೊನೆಯ ಪರೀಕ್ಷೆಗೆ ಮುಂಚೆಯೇ ಒಪ್ಪಿಸಿ. ಕೊನೆಯ ಪರೀಕ್ಷೆ ಮುಗಿದ ಸಂಜೆ ಯಾರೂ ಕೈಗೆ ಸಿಗುವುದಿಲ್ಲ. ಪ್ಲಾಸ್ಟಿಕ್ ಎಂದದ್ದು ಸುಮ್ಮನೆ ಅಲ್ಲ, ರಟ್ಟಿನ ಫೈಲು ನಮ್ಮ ಜುಲೈ ತಿಂಗಳಿಗೆ ಬೂಸಲು ಹಿಡಿಯುತ್ತದೆ.