ರಿಪ್ಪರ್ ಕಡತ: ಕಂಡದ್ದೆಷ್ಟು, ಕೇಳಿದ್ದೆಷ್ಟು

ಜಾಕ್ ದ ರಿಪ್ಪರ್ ಎಂಬ ಅಡ್ಡಹೆಸರಿನ ಕೊಲೆಗಾರ ಯಾರು ಎಂಬ ಪ್ರಶ್ನೆಯನ್ನು ನಾನು ಮೊದಲೇ ಬದಿಗಿಟ್ಟೆ. ಅದರ ಬೆನ್ನು ಹತ್ತಿದವರಲ್ಲಿ ಉತ್ತರ ಸಿಕ್ಕಿತೆಂದು ಸಾರಿದವರಿಗೆ ಬರವಿಲ್ಲ, ಉತ್ತರಕ್ಕೆ ಮಾತ್ರ ಬರ. ನನಗೆ ಬೇಕಿದ್ದುದು ಅದಕ್ಕಿಂತ ಚಿಕ್ಕ ವಿಷಯ. 1888ರ ಆಗಸ್ಟ್ 31ರಿಂದ ನವೆಂಬರ್ 9ರ ನಡುವೆ ಲಂಡನ್ನಿನ ವೈಟ್‌ಚಾಪೆಲ್ ಆಸುಪಾಸಿನಲ್ಲಿ ಕೊಲೆಯಾದ ಐವರು ಹೆಂಗಸರ ಬಗ್ಗೆ ನಾವು ಓದುವುದರಲ್ಲಿ ಕಡತದಲ್ಲಿರುವುದು ಯಾವುದು, ಆಮೇಲೆ ಬಂದು ಸೇರಿಕೊಂಡದ್ದು ಯಾವುದು?

ನನ್ನದು ವಕೀಲಿ ವೃತ್ತಿ, ಅದರಲ್ಲೂ ಹೆಚ್ಚಿನವು ಕ್ರಿಮಿನಲ್ ಪ್ರಕರಣಗಳು. ಮಹಜರು, ಪಂಚನಾಮೆ, ಸಾಕ್ಷಿಗಳ ಹೇಳಿಕೆ ಓದಿ ಓದಿ ಒಂದು ಚಾಳಿ ಅಂಟಿಕೊಂಡಿದೆ. ಯಾರು ಏನು ಹೇಳಿದರೂ ‘ಇದನ್ನು ಕಣ್ಣಾರೆ ಕಂಡೆಯಾ, ಯಾರಾದರೂ ಹೇಳಿದ್ದಾ?’ ಎಂದು ಒಳಗೊಳಗೇ ಪಾಟೀಸವಾಲು ಶುರುವಾಗುತ್ತದೆ. ಇಲ್ಲಿಯೂ ಅದನ್ನೇ ಮಾಡಿದೆ. ಪ್ರತಿ ಸಂಗತಿಗೂ ಒಂದು ಹಾಳೆ. ಅದನ್ನು ಮೊದಲು ಹೇಳಿದವರು ಯಾರು, ಯಾವ ದಿನ, ಅವರಿಗೆ ಅದು ಗೊತ್ತಾದದ್ದು ಹೇಗೆ ಎಂದು ಕೆಳಗೆ ಬರೆಯುವುದು. ಹಾಳೆ ಖಾಲಿ ಉಳಿದರೆ ಸಂಗತಿ ಬಿತ್ತು.

ಇದಕ್ಕೆ ಲಂಡನ್ನಿಗೆ ಹೋಗಬೇಕಾಗಿಲ್ಲ. ಪೊಲೀಸ್ ಮತ್ತು ಗೃಹ ಇಲಾಖೆಯ ಕಡತಗಳಲ್ಲಿ ಉಳಿದಿರುವುದು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಅವುಗಳ ಪಠ್ಯ ಮುದ್ರಣಗೊಂಡಿದೆ. ತೊಡಕಿರುವುದು ಕರೋನರ್, ಅಂದರೆ ಅಸಹಜ ಸಾವುಗಳನ್ನು ವಿಚಾರಿಸುವ ಅಧಿಕಾರಿ, ನಡೆಸಿದ ಮರಣ ವಿಚಾರಣೆಗಳಲ್ಲಿ. ಐವರಲ್ಲಿ ಕ್ಯಾಥರೀನ್ ಎಡ್ಡೋಸ್ ಮತ್ತು ಮೇರಿ ಕೆಲ್ಲಿ ಅವರ ವಿಚಾರಣೆಯ ಮೂಲ ಕಾಗದಗಳು ಉಳಿದಿವೆ. ಮಿಕ್ಕವಕ್ಕೆ ಅಂದಿನ ಪತ್ರಿಕೆಗಳೇ ಗತಿ. ಪುಣ್ಯಕ್ಕೆ ‘ದ ಟೈಮ್ಸ್’ ಮತ್ತು ‘ಡೈಲಿ ಟೆಲಿಗ್ರಾಫ್’ ಸಾಕ್ಷಿಗಳ ಮಾತನ್ನು ಉದ್ದುದ್ದಕ್ಕೆ ಅಚ್ಚುಹಾಕಿವೆ. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದಬೇಕು. ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ಮಾತಿಗೆ ನಾನು ಪೆನ್ಸಿಲ್ ಗುರುತು ಹಾಕುತ್ತಿದ್ದೆ.

ಮೊದಲು ಕೈಗೆತ್ತಿಕೊಂಡದ್ದು ಆನಿ ಚಾಪ್ಮನ್ ಕಾಲ ಬುಡದ ನಾಣ್ಯಗಳನ್ನು. ಸೆಪ್ಟೆಂಬರ್ 8ರ ಬೆಳಗ್ಗೆ ಹ್ಯಾನ್‌ಬರಿ ಸ್ಟ್ರೀಟಿನ 29ನೇ ಸಂಖ್ಯೆಯ ಮನೆಯ ಹಿತ್ತಲಲ್ಲಿ ಆಕೆಯ ಹೆಣ ಸಿಕ್ಕಿತು. ಕೊಲೆಗಾರ ನಾಣ್ಯಗಳನ್ನೂ ಉಂಗುರಗಳನ್ನೂ ಕಾಲ ಬಳಿ ಪೂಜೆಗಿಟ್ಟಂತೆ ಜೋಡಿಸಿದ್ದ ಎಂಬುದು ಎಲ್ಲೆಲ್ಲೂ ಓಡಾಡುವ ಮಾತು. ಗುಪ್ತ ಸಂಘ, ಫ್ರೀಮೇಸನರೆಂಬ ಸಂಘದವರ ವಿಧಿ ಎಂಬ ಕಥೆಗಳೆಲ್ಲ ಇದರ ಮೇಲೆಯೇ ಎದ್ದು ನಿಂತಿವೆ. ಹಿತ್ತಲನ್ನು ಹುಡುಕಿದ ವೈದ್ಯ ಜಾರ್ಜ್ ಬ್ಯಾಗ್‌ಸ್ಟರ್ ಫಿಲಿಪ್ಸ್ ಪ್ರಮಾಣ ಮಾಡಿ ಹೇಳಿದ್ದೇ ಬೇರೆ: ಒಂದು ತುಂಡು ಒರಟು ಮಸ್ಲಿನ್ ಬಟ್ಟೆ, ಒಂದು ಸಣ್ಣಹಲ್ಲಿನ ಬಾಚಣಿಗೆ, ಕಾಗದದ ಕವಚದಲ್ಲಿದ್ದ ಇನ್ನೊಂದು ಬಾಚಣಿಗೆ. ನಾಣ್ಯದ ಸುದ್ದಿಯಿಲ್ಲ. ಉಂಗುರಗಳೋ, ಬೆರಳಿನಿಂದ ಕಾಣೆಯಾಗಿದ್ದವು. ಆದರೆ ಆ ವಸ್ತುಗಳು ‘ಜೋಡಿಸಿಟ್ಟಂತೆ ಕಂಡವು’ ಎಂದು ಅದೇ ವೈದ್ಯ ಹೇಳಿದ್ದಾನೆ. ಕಥೆಗೆ ಅಷ್ಟು ಸಾಕಾಯಿತು. ವಸ್ತು ಬದಲಾಯಿತು, ಜೋಡಣೆ ಉಳಿಯಿತು. ನಾಣ್ಯದ ಮಾತು ಮೊದಲು ಬಂದದ್ದು ಪತ್ರಿಕೆಗಳಲ್ಲಿ. ಇಲ್ಲಿಗೆ ಹಾಳೆ ಮುಚ್ಚಬಹುದಿತ್ತು. ಆದರೆ ಮರುವರ್ಷ ಅದೇ ಆಸುಪಾಸಿನಲ್ಲಿ ಕೊಲೆಯಾದ ಆಲಿಸ್ ಮೆಕೆಂಜಿ ಎಂಬಾಕೆಯ ಮರಣ ವಿಚಾರಣೆಯಲ್ಲಿ ಇನ್ಸ್‌ಪೆಕ್ಟರ್ ಎಡ್ಮಂಡ್ ರೀಡ್, ಹ್ಯಾನ್‌ಬರಿ ಸ್ಟ್ರೀಟ್ ಪ್ರಕರಣದಲ್ಲಿ ಎರಡು ಫಾರ್ದಿಂಗ್ (ಕಾಲು ಪೆನ್ನಿಯ ನಾಣ್ಯ) ಸಿಕ್ಕಿದ್ದವು ಎಂದು ಹೇಳಿದ. ಪೊಲೀಸ್ ಅಧಿಕಾರಿಯೇ ಹೇಳಿದ ಮೇಲೆ ಪೂರಾ ಸುಳ್ಳು ಎಂದು ಬರೆಯಲು ಕೈ ಬರಲಿಲ್ಲ. ‘ಕಾಲ ಬಳಿ ಜೋಡಿಸಿದ್ದು: ಇಲ್ಲ. ಎಲ್ಲೋ ಎರಡು ಕಾಸು: ಇರಬಹುದು’ ಎಂದು ಬರೆದು ಬಿಟ್ಟೆ.

ಇದಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಇಸ್ರೇಲ್ ಶ್ವಾರ್ಟ್ಜ್‌ನ ಹೇಳಿಕೆ. ಸೆಪ್ಟೆಂಬರ್ 30ರ ನಡುರಾತ್ರಿ ದಾಟಿ ಮುಕ್ಕಾಲು ಗಂಟೆಗೆ ಬರ್ನರ್ ಸ್ಟ್ರೀಟಿನಲ್ಲಿ ಒಬ್ಬ ಗಂಡಸು ಒಬ್ಬ ಹೆಂಗಸನ್ನು ನೆಲಕ್ಕೆ ಕೆಡವಿದ್ದನ್ನು ಈತ ಕಂಡ. ಹದಿನೈದೇ ನಿಮಿಷದಲ್ಲಿ ಅಲ್ಲಿ ಎಲಿಜಬೆತ್ ಸ್ಟ್ರೈಡ್ ಹೆಣವಾಗಿ ಸಿಕ್ಕಳು. ಎದುರು ಬದಿಯಲ್ಲಿ ಇನ್ನೊಬ್ಬನಿದ್ದ. ಮುಖ್ಯ ಇನ್ಸ್‌ಪೆಕ್ಟರ್ ಡೊನಾಲ್ಡ್ ಸ್ವಾನ್ಸನ್‌ನ ಅಕ್ಟೋಬರ್ 19ರ ವರದಿಯಲ್ಲಿ ಆ ಎರಡನೆಯವನು ಪೈಪು ಹಚ್ಚುತ್ತಿದ್ದಾನೆ. ಅಕ್ಟೋಬರ್ 1ರ ‘ಸ್ಟಾರ್’ ಪತ್ರಿಕೆಯಲ್ಲಿ ಅವನ ಕೈಯಲ್ಲಿ ಚಾಕು! ಸಾಕ್ಷಿ ಒಬ್ಬನೇ, ಘಟನೆ ಒಂದೇ. ಶ್ವಾರ್ಟ್ಜ್ ಹಂಗೇರಿಯವನು, ಇಂಗ್ಲಿಷ್ ಬಾರದವನು. ಠಾಣೆಯಲ್ಲೂ ವರದಿಗಾರನ ಮುಂದೆಯೂ ದುಭಾಷಿಯ ಮೂಲಕವೇ ಮಾತನಾಡಿದ. ನನಗೆ ಪೈಪೇ ಹೆಚ್ಚು ನಂಬಿಕೆಗೆ ಅರ್ಹ, ಯಾಕೆಂದರೆ ಪೈಪಿನಿಂದ ಪತ್ರಿಕೆ ಮಾರಾಟವಾಗುವುದಿಲ್ಲ. ಹಾಗೆಂದು ಪೊಲೀಸ್ ವರದಿಯೂ ಅವನ ಸ್ವಂತ ಮಾತಲ್ಲ.

ಕೆಡವಿದವನು ‘ಲಿಪ್ಸ್ಕಿ’ ಎಂದು ಕೂಗಿದನೆಂದು ಶ್ವಾರ್ಟ್ಜ್ ಹೇಳಿದ್ದ. ಪಕ್ಕದ ಬ್ಯಾಟಿ ಸ್ಟ್ರೀಟಿನಲ್ಲಿ 1887ರಲ್ಲಿ ನಡೆದ ಕೊಲೆಗಾಗಿ ಗಲ್ಲಿಗೇರಿದ ಯೆಹೂದಿ ಇಸ್ರೇಲ್ ಲಿಪ್ಸ್ಕಿ. ಅವನ ಹೆಸರು ಆ ಬೀದಿಗಳಲ್ಲಿ ಯೆಹೂದಿಗಳನ್ನು ಹೀಗಳೆಯುವ ಬೈಗುಳವಾಗಿಬಿಟ್ಟಿತ್ತು. ಅವನಿಗೆ ಶಿಕ್ಷೆ ವಿಧಿಸಿದ ನ್ಯಾಯಾಧೀಶ ಯಾರೆಂದು ನೋಡಿದೆ: ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ ಕರಡು ಬರೆದವನು. 2024ರ ಜುಲೈವರೆಗೆ ನಾವೆಲ್ಲ ಯಾವ ಕಾಯ್ದೆ ಹಿಡಿದು ‘ಇದು ಕೇಳಿಕೆಯ ಸಾಕ್ಷ್ಯ, ಸ್ವಾಮಿ’ ಎಂದು ಆಕ್ಷೇಪಿಸುತ್ತಿದ್ದೆವೋ ಅದೇ. ಮುಂದೆ ಅವನ ಮಗ ಜೆ.ಕೆ. ಸ್ಟೀಫನ್‌ನನ್ನೇ ರಿಪ್ಪರ್ ಎಂದವರೂ ಹುಟ್ಟಿಕೊಂಡರು. ಆ ಆರೋಪ ಅಪ್ಪನ ಕಾಯ್ದೆಯ ಮುಂದೆ ಒಂದು ನಿಮಿಷವೂ ನಿಲ್ಲುವುದಿಲ್ಲ.

ಕೆಲವು ಹಾಳೆಗಳು ಬೇಗ ಮುಗಿದವು. ರಿಪ್ಪರ್ ಎಂದು ಕೆಲವರು ಬೆರಳು ತೋರಿದ ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಸೆಪ್ಟೆಂಬರ್ 30ರಂದು ಸ್ಕಾಟ್ಲೆಂಡಿನಲ್ಲಿದ್ದ, ಮುಗಿಯಿತು. ರಿಪ್ಪರನ ತಲೆಗೇರಿಸುವ ರೇಷ್ಮೆಯ ಎತ್ತರದ ಟೋಪಿ? ಸಾಕ್ಷಿಗಳು ಹೇಳಿದ್ದು ಅಂಚಿರುವ ಬಟ್ಟೆ ಟೋಪಿ, ಬೇಟೆ ಟೋಪಿ ಇಂಥವನ್ನು. ‘ಜಾಕ್ ದ ರಿಪ್ಪರ್’ ಎಂಬ ಹೆಸರೂ ಸೆಪ್ಟೆಂಬರ್ 27ರಂದು ಒಂದು ಸುದ್ದಿ ಸಂಸ್ಥೆಗೆ ತಲುಪಿದ ಕಾಗದದಿಂದ ಬಂದದ್ದು. ಅದನ್ನು ಬರೆದವನು ಪತ್ರಕರ್ತನೇ ಎಂದು ಹಿರಿಯ ಪೊಲೀಸ್ ಅಧಿಕಾರಿಗಳೇ ಮುಂದೆ ಹೇಳಿಕೊಂಡರು.

ಎಡ್ಡೋಸಳದೆಂದು ಹೇಳುವ ಶಾಲು, ಅದರ ಮೇಲಿನ ಡಿಎನ್‌ಎ ಪರೀಕ್ಷೆ ದೊಡ್ಡ ಸುದ್ದಿಯಾಗಿತ್ತು. ಪ್ರಯೋಗಾಲಯದ ಗೋಜಿಗೆ ಹೋಗುವ ಮೊದಲು ನಾನು ಆಕೆಯ ಹೆಣದ ಮೇಲೆ ಸಿಕ್ಕ ವಸ್ತುಗಳಿಗೆ ಪೊಲೀಸರು ಮಾಡಿದ ಪಟ್ಟಿ ಓದಿದೆ. ಎಂಥ ಪಟ್ಟಿ ಅದು! ಆರು ತುಂಡು ಸಾಬೂನು, ಎರಡು ಮಣ್ಣಿನ ಪೈಪು, ಚಹಾ ಒಂದು ಡಬ್ಬಿಯಲ್ಲಿ, ಸಕ್ಕರೆ ಇನ್ನೊಂದರಲ್ಲಿ, ಬಿಳಿ ಹಿಡಿಯ ಚಾಕು, ಚಮಚ, ಖಾಲಿ ಬೆಂಕಿಪೊಟ್ಟಣ, ಸೂಜಿ ಗುಂಡುಸೂಜಿ ಚುಚ್ಚಿಟ್ಟ ಕೆಂಪು ಫ್ಲಾನೆಲ್, ಒಡೆದ ಕನ್ನಡಕದ ಒಂದು ಭಾಗ. ಮನೆಯಿಲ್ಲದವಳು ಮನೆಯನ್ನೇ ಹೊತ್ತು ತಿರುಗುತ್ತಿದ್ದಳು. ಕುತ್ತಿಗೆಗೆ ಸುತ್ತಿದ್ದ ಕೆಂಪು ರೇಷ್ಮೆಯ ಚೂರನ್ನೂ ಬಿಡದೆ ಬರೆದವರು ಶಾಲನ್ನು ಬರೆದಿಲ್ಲ. ಇದ್ದಿದ್ದರೆ ಬರೆಯದೆ ಬಿಡುತ್ತಿರಲಿಲ್ಲ. ನಮ್ಮಲ್ಲಾದರೂ ಜಪ್ತಿ ಪಂಚನಾಮೆಯಲ್ಲಿ ಇಲ್ಲದ ವಸ್ತು ದಶಕಗಳ ಮೇಲೆ ಪ್ರತ್ಯಕ್ಷವಾದರೆ ಯಾವ ನ್ಯಾಯಾಲಯ ಒಪ್ಪೀತು?

ಅಧಿಕೃತ ಕಾಗದ ಎಂದ ಮಾತ್ರಕ್ಕೆ ಕಣ್ಣಿಗೊತ್ತಿಕೊಳ್ಳಬೇಕಾಗಿಯೂ ಇಲ್ಲ. ಮೆಲ್ವಿಲ್ ಮ್ಯಾಕ್‌ನಾಟನ್‌ನ 1894ರ ಟಿಪ್ಪಣಿ ಮೂವರು ಶಂಕಿತರನ್ನು ಹೆಸರಿಸುತ್ತದೆ. ಆತ ಲಂಡನ್ ಪೊಲೀಸ್ ಸೇರಿದ್ದೇ 1889ರಲ್ಲಿ, ಈ ಐದೂ ಕೊಲೆಗಳಾದ ಮೇಲೆ. ಅವರಲ್ಲೊಬ್ಬನಾದ ಡ್ರುಯಿಟ್ ಎಂಬವನನ್ನು 41 ವರ್ಷದ ವೈದ್ಯ ಎಂದು ಬರೆದ; ಅವನು 31ರ ಬ್ಯಾರಿಸ್ಟರ್, ಜತೆಗೆ ಶಾಲಾ ಮಾಸ್ತರ. ಬಲಿಯಾದವರು ‘ಐದೇ ಐದು’ ಎಂಬುದೂ ಇದೇ ಟಿಪ್ಪಣಿಯ ಮಾತು. ಅದಕ್ಕೆ ಮೊದಲು ವೈದ್ಯ ಥಾಮಸ್ ಬಾಂಡ್ ಐದು ಕೊಲೆಗಳನ್ನು ಒಂದೇ ಕೈಯ ಕೆಲಸ ಎಂದಿದ್ದ, ನಿಜ. ಪೊಲೀಸ್ ಕಡತದಲ್ಲಿ ಮಾತ್ರ ಹನ್ನೊಂದು ಕೊಲೆಗಳಿವೆ.

ಕಥೆ ಕಟ್ಟುವುದು ಪತ್ರಿಕೆ, ಪೊಲೀಸರದಷ್ಟೇ ಕಸುಬಲ್ಲ. 1878ರಲ್ಲಿ ಥೇಮ್ಸ್ ನದಿಯಲ್ಲಿ ಮುಳುಗಿದ ‘ಪ್ರಿನ್ಸೆಸ್ ಆಲಿಸ್’ ಹಡಗಿನಲ್ಲಿ ಗಂಡನೂ ಮಕ್ಕಳೂ ಸತ್ತರೆಂದು ಸ್ಟ್ರೈಡ್ ಎಲ್ಲರಿಗೂ ಹೇಳಿಕೊಂಡಿದ್ದಳು. ಗಂಡ ತೀರಿಕೊಂಡದ್ದು 1884ರಲ್ಲಿ. ಬೀದಿಪಾಲಾದವಳು ತನಗಾಗಿ ಕಟ್ಟಿಕೊಂಡ ಈ ಸುಳ್ಳಿನ ಮೇಲೆ ಕೆಂಪು ಗೆರೆ ಎಳೆಯುವಾಗ ನನಗೇನೂ ಖುಷಿಯಾಗಲಿಲ್ಲ.

ಒಂದು ಹಾಳೆ ಮಾತ್ರ ನನ್ನ ಲೆಕ್ಕಾಚಾರಕ್ಕೇ ಸಡ್ಡು ಹೊಡೆದಿದೆ. ನವೆಂಬರ್ 9ರ ಬೆಳಗ್ಗೆ ಎಂಟರಿಂದ ಎಂಟೂವರೆಯೊಳಗೆ ಮೇರಿ ಕೆಲ್ಲಿಯನ್ನು, ಆಕೆ ವಾಸವಿದ್ದ ಮಿಲ್ಲರ್ಸ್ ಕೋರ್ಟ್ ಎಂಬ ಓಣಿಯ ಮೂಲೆಯಲ್ಲಿ ಕಂಡು ಮಾತನಾಡಿಸಿದೆ ಎಂದಳು ಕ್ಯಾರೊಲಿನ್ ಮ್ಯಾಕ್ಸ್‌ವೆಲ್. ವೈದ್ಯ ಬಾಂಡ್ ಲೆಕ್ಕದಲ್ಲಿ ಕೆಲ್ಲಿ ಅಷ್ಟು ಹೊತ್ತಿಗೆ ಸತ್ತು ಆರೇಳು ಗಂಟೆ ಆಗಿತ್ತು. ನಿನ್ನ ಮಾತು ಉಳಿದವರ ಮಾತಿಗೆ ಹೊಂದುವುದಿಲ್ಲ, ಎಚ್ಚರವಾಗಿ ಹೇಳು ಎಂದು ಕರೋನರ್ ತಾಕೀತು ಮಾಡಿದರೂ ಆಕೆ ಕದಲಲಿಲ್ಲ. ಯಾರು? ಅದೇ ಬೀದಿಯವಳು. ಯಾವಾಗ ಹೇಳಿದಳು? ಮೂರೇ ದಿನದಲ್ಲಿ, ಪ್ರಮಾಣ ಮಾಡಿ. ಹೇಗೆ ಗೊತ್ತು? ಕಣ್ಣಾರೆ ಕಂಡೆ ಎನ್ನುತ್ತಾಳೆ. ಮೂರು ಸಾಲೂ ತುಂಬಿವೆ. ದಿನ ಅದಲುಬದಲಾಗಿದೆ ಎನ್ನುವವರಿದ್ದಾರೆ, ಬೇರೆ ಹೆಂಗಸನ್ನು ಕೆಲ್ಲಿ ಎಂದುಕೊಂಡಳು ಎನ್ನುವವರೂ ಇದ್ದಾರೆ. ಎರಡಕ್ಕೂ ಆಧಾರ ಊಹೆಯೇ ಹೊರತು ಕಾಗದವಲ್ಲ. ವೈದ್ಯನ ಹೊತ್ತಿನ ಲೆಕ್ಕವೂ ಆ ಕಾಲಕ್ಕೆ ಅಂದಾಜೇ. ಆದ್ದರಿಂದ ಆ ಹಾಳೆಯನ್ನು ನಿಜದ ಕಟ್ಟಿಗೂ ಸೇರಿಸಿಲ್ಲ, ಕಥೆಯ ಕಟ್ಟಿಗೂ ಸೇರಿಸಿಲ್ಲ.