ಅಟ್ಟದಲ್ಲಿ ಸಿಕ್ಕ ಹಳೆ ಸಾಮಾನು ಯಾವುದು? ತಿಕ್ಕುವ ಮೊದಲು ನೋಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಹಳೆ ಮನೆಗಳ ಅಟ್ಟದಲ್ಲಿ ಏನೆಂದೇ ಗೊತ್ತಾಗದ ಸಾಮಾನು ಸಿಕ್ಕರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಹುಣಸೆಹುಳಿ ಹಾಕಿ ತಿಕ್ಕಲೂ ಬೇಡಿ. ಗುರುತು ಹಿಡಿಯುವ ಸುಳಿವು ಎಷ್ಟೋ ಸಲ ಆ ಕೊಳೆಯಲ್ಲೇ ಇರುತ್ತದೆ.

ಮೊದಲು ಸವೆದ ಜಾಗ ನೋಡಿ. ಕೈ ಹಿಡಿದಲ್ಲಿ ನುಣುಪು, ಕೆಲಸ ಮಾಡುವ ತುದಿಯಲ್ಲಿ ತೆಳು. ಎರಡು ಹಿಡಿ, ನಡುವೆ ಕೀಲು ಇದೆಯಾ? ಬಿಡಿಸಿ ನೋಡಿ. ಒಂದು ಬದಿಗೆ ಮಾತ್ರ ಹರಿತವಾದ ಅಲಗು, ಇನ್ನೊಂದು ಮೊಂಡಾಗಿದ್ದು ಅಡಿಕೆ ಕೂರುವಷ್ಟು ಜಾಗ ಇದ್ದರೆ ಅದು ಅಡಕತ್ತರಿ. ಗಿಳಿ, ನವಿಲಿನ ಆಕಾರ ಕಂಡು ಗಲಿಬಿಲಿ ಬೇಡ, ಹಾಗೆ ಚಂದ ಮಾಡಿಸುವ ರೂಢಿ ಇತ್ತು. ಅಲಗೇ ಇಲ್ಲದೆ, ಮರದ ಒಂದು ತುಂಡಿಗೆ ಗುಳಿ, ಇನ್ನೊಂದಕ್ಕೆ ಉಬ್ಬು ಇದ್ದರೆ ನಿಂಬೆ ಹಿಂಡುವಂಥದ್ದು. ದುಂಡಗಿನ ತುದಿಯ ಸುತ್ತ ಹಲ್ಲಿರುವ ಕಬ್ಬಿಣ ತೆಂಗಿನಕಾಯಿ ತುರಿಯುವ ಮಣೆಯದು. ಮರ ಗೆದ್ದಲು ತಿಂದು ಹೋಗಿರಬಹುದು.

ಅಯಸ್ಕಾಂತ ಹಿತ್ತಾಳೆಗೆ ಅಂಟುವುದಿಲ್ಲ, ಕಬ್ಬಿಣಕ್ಕೆ ಅಂಟುತ್ತದೆ. ಕೀಲು ಬಿಗಿದಿದ್ದರೆ ಸುಮ್ನೆ ಬಲ ಹಾಕಬೇಡಿ, ಎರಡು ತೊಟ್ಟು ಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ.

ಮನೆಯಲ್ಲಿ ಅಜ್ಜಿ ಇದ್ದರೆ ಏನೂ ಹೇಳದೆ ಕೈಗೆ ಕೊಡಿ. ಅವರು ಹಿಡಿಯುವ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ ಅಲ್ವಾ? ಆಗಲೂ ತಿಳಿಯದಿದ್ದರೆ ಪಕ್ಕದಲ್ಲಿ ಒಂದು ನಾಣ್ಯ ಇಟ್ಟು, ಎರಡೂ ಬದಿಯ ಫೋಟೋ ಇಲ್ಲಿ ಹಾಕಿ.