ಹರಿಗೋಲಿಗೆ ನೆಗೆತ ಬೇಕೇ? ಮರಿನೌಕೆಯ ಲೆಕ್ಕ ಕಟ್ಟಿದ ಬಗೆ

ಆರು ವೈಜ್ಞಾನಿಕ ಕಥೆಗಳ ಒಂದು ಮಾಲೆಗೆ ನೌಕೆಗಳನ್ನು ರೂಪಿಸುವಾಗ ಎಲ್ಲಕ್ಕಿಂತ ಮೊದಲು ಇತ್ಯರ್ಥ ಮಾಡಿಕೊಂಡ ಪ್ರಶ್ನೆ ಇದು: ತಾಯಿನೌಕೆಯ ಹೊಟ್ಟೆಯಲ್ಲಿರುವ ಮರಿನೌಕೆಗೂ ಬೆಳಕನ್ನು ಮೀರಿ ಹೋಗುವ ಶಕ್ತಿ, ಅಂದರೆ ನೆಗೆತ, ಕೊಡಬೇಕೇ? ನಾನು ಕೊಡಲಿಲ್ಲ. ಯಾವ ಲೆಕ್ಕದ ಮೇಲೆ ಕೊಡಲಿಲ್ಲ, ಆ ಲೆಕ್ಕ ಎಲ್ಲೆಲ್ಲಿ ಕೈಕೊಟ್ಟಿತು ಎಂಬುದನ್ನು ಬರೆದಿಡುತ್ತಿದ್ದೇನೆ.

ಕರಡು ಓದಿದ ಮಂಡ್ಯದ ಗೆಳೆಯರು ಕೇಳಿದ್ದು ಒಂದೇ ಮಾತು: ‘ಮರೀಗೇ ಹಾರಕ್ ಬಂದ್ರೆ ತಾಯಿ ಯಾಕ್ ಬೇಕು ಸಾ?’ ಪ್ರಶ್ನೆಯ ತಿರುಳು ಅದೇ. ನಾಲ್ಕು ಜನ ಕೂರುವ ನೌಕೆ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ತಾನೇ ಹೋಗುವಂತಿದ್ದರೆ ದೊಡ್ಡ ನೌಕೆಗೆ ಸರಕು ಹೊರುವುದು ಬಿಟ್ಟು ಬೇರೆ ಕೆಲಸ ಉಳಿಯುವುದಿಲ್ಲ. ಸಿಕ್ಕಿಬಿದ್ದವರು ಮರಿನೌಕೆ ಹತ್ತಿ ಹೊರಟುಬಿಡುತ್ತಾರೆ, ಕಥೆ ಮೂರನೇ ಪುಟಕ್ಕೇ ಮುಗಿಯುತ್ತದೆ. ಅದಕ್ಕೇ ಮರಿನೌಕೆಗೆ ಹರಿಗೋಲು ಎಂದು ಹೆಸರಿಟ್ಟೆ. ಶ್ರೀರಂಗಪಟ್ಟಣದ ಹೊಳೆಯಲ್ಲಿ ಹರಿಗೋಲಿನ ಕೆಲಸ ಈ ದಡದಿಂದ ಆ ದಡಕ್ಕೆ. ಅದರಲ್ಲಿ ಕೂತು ಸಮುದ್ರಕ್ಕೆ ಯಾರೂ ಹೊರಡುವುದಿಲ್ಲ. ಬುಟ್ಟಿಯಂಥ ಅದನ್ನು ಬೋರಲು ಹಾಕಿ ತಲೆ ಮೇಲೆ ಹೊತ್ತು ತರಬೇಕಾದ ಸಂದರ್ಭವೂ ಬರುತ್ತದೆ. ತಾಯಿನೌಕೆಗೂ ಮರಿಗೂ ಇರುವ ನಂಟು ಇಷ್ಟೇ.

ಹೆಸರಿಟ್ಟರೆ ಸಾಲದು, ಕಾರಣ ಬೇಕು. ಮೊದಲು ಅಲ್ಕುಬಿಯೆರೆ ಗುಳ್ಳೆಯನ್ನು ಹಿಡಿದೆ. ಭೌತವಿಜ್ಞಾನಿ ಮಿಗೆಲ್ ಅಲ್ಕುಬಿಯೆರೆ 1994ರಲ್ಲಿ ತೋರಿಸಿದ ಪ್ರಕಾರ, ನೌಕೆಯನ್ನು ಗುಳ್ಳೆಯಂತೆ ಸುತ್ತಿ ಅದರ ಮುಂದಿನ ದೇಶವನ್ನು (ಸ್ಪೇಸ್) ಕುಗ್ಗಿಸಿ ಹಿಂದಿನದನ್ನು ಹಿಗ್ಗಿಸಿದರೆ ಸಾಪೇಕ್ಷ ಸಿದ್ಧಾಂತ ಮುರಿಯದೆ ಬೆಳಕನ್ನು ಹಿಂದೆ ಹಾಕಬಹುದು. ಅದಕ್ಕೆ ಋಣ ಶಕ್ತಿ, ಅಂದರೆ ಸೊನ್ನೆಗಿಂತ ಕಡಿಮೆಯಾದ ಶಕ್ತಿ, ಬೇಕು. ನಾನು ಎಡವಿದ್ದು ಇಲ್ಲೇ. ಗುಳ್ಳೆ ದೊಡ್ಡದಾದಷ್ಟೂ ಬೇಕಾಗುವ ಋಣ ಶಕ್ತಿ ಹೆಚ್ಚುತ್ತದೆ, ಅಂದರೆ ಸಮೀಕರಣ ಚಿಕ್ಕ ನೌಕೆಯ ಪರ. ‘ಮರಿನೌಕೆ ಚಿಕ್ಕದು, ಆದ್ದರಿಂದ ಆಗದು’ ಎಂದು ಬರೆದರೆ ಭೌತಶಾಸ್ತ್ರ ಓದಿದವರು ಅಲ್ಲೇ ಹಿಡಿಯುತ್ತಾರೆ. ಗುಳ್ಳೆ ಕೈಬಿಟ್ಟು, ನೆಗೆತದ ಬಳೆ ಎಂಬ ಸ್ವಂತ ಯಂತ್ರ ಕಟ್ಟಿದೆ: ಒಳವ್ಯಾಸ 40 ಮೀಟರ್, ತೂಕ 3,000 ಟನ್, ಅದಕ್ಕಿಂತ ಚಿಕ್ಕದಾದರೆ ಇಳಿಯುವ ಜಾಗ ಚೆದುರುತ್ತದೆ. ಇದು ಪೂರ್ತಿ ಕಲ್ಪನೆ. ಆದರೆ ಕಲ್ಪನೆಯ ನಿಯಮಕ್ಕೆ ಆಧಾರವಾಗಿ ಒಂದು ನಿಜವಾದ ಅಡ್ಡಿ ಇರಲೇಬೇಕು. ನನಗೆ ಸಿಕ್ಕಿದ ಅಡ್ಡಿ ಶಾಖ.

ಮರಿನೌಕೆ 8 ಮೀಟರ್ ಉದ್ದ, 3 ಅಗಲ, ಎರಡೂವರೆ ಎತ್ತರ. ಆರೂ ಮುಖ ಸೇರಿ ಮೈ 103 ಚದರ ಮೀಟರ್. ನಿರ್ವಾತದಲ್ಲಿ ಶಾಖ ಹೊರಹೋಗಲು ವಿಕಿರಣ ಬಿಟ್ಟರೆ ದಾರಿಯಿಲ್ಲ. ಮೈಯನ್ನು 127 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೂ ಚದರ ಮೀಟರಿಗೆ ಸುಮಾರು 1,450 ವ್ಯಾಟ್, ಒಟ್ಟು 150 ಕಿಲೋವ್ಯಾಟ್ ಅಷ್ಟೇ ಹೋಗುತ್ತದೆ. ನೆಗೆತದ ಯಂತ್ರ 1 ಗಿಗಾವ್ಯಾಟಿನದು, ಅದರ ಹತ್ತನೇ ಒಂದು ಪಾಲು ಶಾಖವಾಗುತ್ತದೆ ಎಂದಿಟ್ಟುಕೊಳ್ಳಿ. ಅಷ್ಟನ್ನು ಅದೇ ಉಷ್ಣತೆಯಲ್ಲಿ ಚೆಲ್ಲಲು, ಎರಡೂ ಮುಖ ಬಳಸಿಕೊಂಡರೂ, 34,000 ಚದರ ಮೀಟರ್ ರೇಡಿಯೇಟರ್ ಬೇಕು. ಎಂಟೂವರೆ ಎಕರೆ! ಬಸ್ಸಿಗಿಂತ ಚಿಕ್ಕದಾದ ಗಾಡಿಗೆ ಎಂಟೂವರೆ ಎಕರೆ ಕಬ್ಬಿನ ಗದ್ದೆ ಕಟ್ಟಿ ಎಳೆದಂತೆ. ಈ ಚಿತ್ರ ಕಣ್ಣಿಗೆ ಕಟ್ಟಿದ ಮೇಲೆ ಆ ಪ್ರಶ್ನೆಯನ್ನು ಯಾರೂ ಮತ್ತೆ ಕೇಳಲಿಲ್ಲ.

ಇನ್ನು ಮರಿನೌಕೆಗೆ ಏನು ಕೊಡಬೇಕು? 1 ಜಿ ವೇಗೋತ್ಕರ್ಷ ಕೊಟ್ಟೆ, ಅಂದರೆ ಭೂಮಿಯ ಮೇಲೆ ಬೀಳುವ ವಸ್ತುವಿನಂತೆ ಪ್ರತಿ ಸೆಕೆಂಡಿಗೆ ವೇಗ 9.8 ಮೀಟರಿನಷ್ಟು ಏರುತ್ತದೆ. ಅರ್ಧ ದಾರಿ ನೂಕು, ಮಗುಚಿಕೊಂಡು ಉಳಿದರ್ಧ ದಾರಿ ತಡೆ. ಸೂತ್ರ ಸುಲಭ: ದೂರವನ್ನು 9.8ರಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿದರೆ ಕಾಲ ಸಿಗುತ್ತದೆ. ದೂರ ಮೀಟರಿನಲ್ಲಿ, ಉತ್ತರ ಸೆಕೆಂಡಿನಲ್ಲಿ. ಕಿಲೋಮೀಟರಿನಲ್ಲಿ ತುಂಬಿದರೆ ಉತ್ತರ ಸುಮಾರು ಮೂವತ್ತೆರಡು ಪಟ್ಟು ತಪ್ಪುತ್ತದೆ. ಚಂದ್ರನಿಗೆ ಮೂರೂವರೆ ಗಂಟೆ. ಮಂಗಳ ಹತ್ತಿರ ಬಂದಾಗ, ಅಂದರೆ ಐದೂವರೆ ಕೋಟಿ ಕಿ.ಮೀ.ಗೆ, ಸುಮಾರು 42 ಗಂಟೆ. ಗ್ರಹಗಳ ನಡುವಿನ ಓಡಾಟಕ್ಕೆ ಇಷ್ಟು ಧಾರಾಳ.

ತಾಯಿನೌಕೆ ಎಲ್ಲಿ ನಿಲ್ಲಬೇಕು ಎನ್ನುವುದೇ ಕಥೆಯ ನಿಜವಾದ ಕೀಲಿ. ಸೂರ್ಯನಿಂದ ಇಷ್ಟು ದೂರದ ಒಳಗೆ ನೆಗೆತ ಸಾಧ್ಯವಿಲ್ಲ ಎಂದು ಒಂದು ಗೆರೆ ಎಳೆದೆ. ಮೊದಲು 20 ಖಗೋಳ ಮಾನ ಇಟ್ಟಿದ್ದೆ (ಒಂದು ಮಾನ ಅಂದರೆ ಸೂರ್ಯನಿಂದ ಭೂಮಿಗಿರುವ ದೂರ, ಸುಮಾರು 15 ಕೋಟಿ ಕಿ.ಮೀ.). ಅಷ್ಟು ದೂರ ಕ್ರಮಿಸಲು 13 ದಿನ ಹಿಡಿದು, ಪಾತ್ರಗಳು ಬರೀ ಊಟ ಮಾಡುತ್ತ ಕೂರುವಂತಾಯಿತು. 5ಕ್ಕೆ ಇಳಿಸಿದಾಗ ಆರೂವರೆ ದಿನಕ್ಕೆ ಬಂತು. ಜೊತೆಗೆ ಇನ್ನೊಂದು ಲಾಭ: 5 ಮಾನದ ದೂರಕ್ಕೆ ರೇಡಿಯೋ ಸಂದೇಶ ಮುಟ್ಟಲು ಸುಮಾರು 42 ನಿಮಿಷ, ಕೇಳಿದ್ದಕ್ಕೆ ಉತ್ತರ ಬರಲು 83. ಮರಿನೌಕೆಯವರು ತಾಯಿಯನ್ನು ಕೇಳದೆ ತಾವೇ ತೀರ್ಮಾನ ತೆಗೆದುಕೊಳ್ಳಬೇಕಾಗುತ್ತದೆ. ಸಂದೇಶಕ್ಕೆ ಬೆಳಕಿಗಿಂತ ಹೆಚ್ಚು ವೇಗ ಕೊಟ್ಟರೆ ಇದೆಲ್ಲ ಹೋಯಿತು. ಅದನ್ನೂ ಕೊಡಬೇಡಿ.

ಇಂಧನದಲ್ಲಿ ಎರಡನೇ ಸಲ ಎಡವಿದೆ. ಆರೂವರೆ ದಿನದ ಪಯಣದ ನಡುವೆ ವೇಗ ಸೆಕೆಂಡಿಗೆ 2,700 ಕಿ.ಮೀ. ಮುಟ್ಟುತ್ತದೆ. ಏರಿಸಿ ಇಳಿಸಲು ಅದರ ಎರಡು ಪಟ್ಟು, 5,400. ಹೊರಚಿಮ್ಮುವ ಅನಿಲಕ್ಕೆ ಸೆಕೆಂಡಿಗೆ 1,000 ಕಿ.ಮೀ. ಇಟ್ಟು, ರಾಕೆಟ್ಟಿಗೆ ಎಷ್ಟು ಇಂಧನ ಬೇಕೆಂದು ಹೇಳುವ ತ್ಸಿಯೋಲ್ಕೋವ್‌ಸ್ಕಿ ಸಮೀಕರಣಕ್ಕೆ ಹಾಕಿದರೆ 20 ಟನ್ ಮರಿನೌಕೆ ಹೊರಡುವಾಗ 4,000 ಟನ್ ಮೀರುತ್ತದೆ, ತಾಯಿಯ ಬಳೆಗಿಂತ ಭಾರ. ಅನಿಲದ ವೇಗವನ್ನು 10,000 ಕಿ.ಮೀ.ಗೆ ಏರಿಸಿದಾಗ, ಬೇಕಾಗುವ ಇಂಧನ ಹೋಗಲು 14 ಟನ್, ಹೋಗಿ ಬರಲು 39 ಟನ್ ಆಯಿತು. ನಾನು ತೊಟ್ಟಿಯನ್ನು 20 ಟನ್ನಿಗೆ ನಿಲ್ಲಿಸಿದೆ. ವಾಪಸ್ ಬರಬೇಕಾದರೆ ಹೋದ ಕಡೆ ಇಂಧನ ಸಿಗಬೇಕು. ಮೂರು ಕಥೆಗಳು ಈ ಒಂದು ಕೊರತೆಯಿಂದಲೇ ಹುಟ್ಟಿದವು.

ಒಂದು ಆಕ್ಷೇಪ ನ್ಯಾಯವಾದದ್ದು: ನೆಗೆತಕ್ಕೆ ಅಡ್ಡಿಯಾದ ಶಾಖ ಮರಿನೌಕೆಯ ಎಂಜಿನ್ನಿಗೆ ಯಾಕೆ ಅಡ್ಡಿಯಲ್ಲ? ಆ ಎಂಜಿನ್ನಿನ ಶಕ್ತಿ, ನೌಕೆ 20 ಟನ್ನಿಗೆ ಇಳಿದಾಗಲೂ, 980 ಗಿಗಾವ್ಯಾಟ್. 150 ಕಿಲೋವ್ಯಾಟ್ ಮಾತ್ರ ಚೆಲ್ಲಬಲ್ಲ ಮೈಗೆ ಅದರ 65 ಲಕ್ಷದಲ್ಲಿ ಒಂದು ಪಾಲಿಗಿಂತ ಹೆಚ್ಚು ಶಾಖ ಸೋರಬಾರದು. ಅಷ್ಟೇ ಸೋರುತ್ತದೆ ಎಂಬುದು ಸುಳ್ಳು, ಗೊತ್ತಿದ್ದೇ ಹೇಳಿದ ಸುಳ್ಳು. ಎಂಜಿನ್ನಿನಲ್ಲಿ ಶಾಖವನ್ನು ಹೊತ್ತು ಹೊರಹೋಗುವ ಅನಿಲವಾದರೂ ಇದೆ, ನೆಗೆತದಲ್ಲಿ ಅದೂ ಇಲ್ಲ ಎಂಬುದೇ ನನ್ನ ಸಮರ್ಥನೆ.

ನೆಗೆತವಿಲ್ಲದ ಮರಿನೌಕೆ ಸುಳಿವೂ ಆಗುತ್ತದೆ: ಅದು ಕಂಡರೆ ತಾಯಿ ಹತ್ತಿರದಲ್ಲೇ ಇರಬೇಕು. 1977ರ ಸ್ಟಾರ್ ವಾರ್ಸ್ ಚಿತ್ರದಲ್ಲಿ ಟೈ ಫೈಟರ್ ಎಂಬ ಪುಟ್ಟ ಯುದ್ಧನೌಕೆ ಬಾಹ್ಯಾಕಾಶದ ಬಯಲಿನಲ್ಲಿ ಒಂಟಿಯಾಗಿ ಕಂಡಾಗ, ಇಷ್ಟು ದೂರ ಅದು ತಾನೇ ಬಂದಿರಲಾರದು ಎಂದು ಪಾತ್ರಗಳು ಊಹಿಸುತ್ತವೆ. ಅದೇ ಚಿತ್ರದ ಎದುರಾಳಿಗಳ ಎಕ್ಸ್-ವಿಂಗ್ ನೌಕೆಗೆ ಬೆಳಕನ್ನು ಮೀರುವ ಶಕ್ತಿ ಇದೆ. ಒಂದು ಬಣಕ್ಕೆ ಕೊಟ್ಟು ಇನ್ನೊಂದಕ್ಕೆ ಕೊಡದಿರುವುದೂ ಒಳ್ಳೆಯ ದಾರಿ.

ಆಮ್ಲಜನಕ ಒಬ್ಬರಿಗೆ ದಿನಕ್ಕೆ 0.84 ಕಿಲೋ. ಹೋಗಿ ಬರುವ 13 ದಿನಕ್ಕೆ ನಾಲ್ವರಿಗೆ 44 ಕಿಲೋ, ನೀರು ತಲೆಗೆ 3 ಲೀಟರಿನಂತೆ 156 ಲೀಟರ್. ಇಂಗಾಲದ ಡೈಆಕ್ಸೈಡ್ ಹೀರುವ ಡಬ್ಬಿಗಳನ್ನು ಮರೆಯಬಾರದು, ದಿನಕ್ಕೆ ತಲೆಗೆ ಸುಮಾರು ಒಂದು ಕಿಲೋ ಅನಿಲ ಹುಟ್ಟುತ್ತದೆ. ಉಸಿರುಗಟ್ಟಿಸುವುದು ಬಹುತೇಕ ಇದೇ.

ಆರನೇ ಕಥೆಗೆ ಮಾತ್ರ ಒಂದು ವಿನಾಯಿತಿ ಬೇಕಾಯಿತು. ನಿಯಮ ಮುರಿಯದೆ, ಬಾಹ್ಯಾಕಾಶದಲ್ಲಿ ತೇಲುವ ಒಂಟಿ ಬಳೆ ಇಟ್ಟೆ. ಮರಿನೌಕೆ ಅದರೊಳಗೆ ಹೊಕ್ಕು ನೆಗೆಯಬಹುದು, ಆದರೆ ಬಳೆ ಇದ್ದಲ್ಲೇ ಉಳಿಯುತ್ತದೆ. ಹೋದ ಕಡೆ ಇನ್ನೊಂದು ಬಳೆ ಇಲ್ಲದಿದ್ದರೆ, 4.24 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ನಕ್ಷತ್ರದಿಂದ ಸೆಕೆಂಡಿಗೆ 2,700 ಕಿ.ಮೀ.ನಲ್ಲೇ ಮನೆಗೆ ಹೊರಟರೂ ಸುಮಾರು 470 ವರ್ಷ. ಪೆಟ್ಟಿಗೆಯಲ್ಲಿರುವ ಆಮ್ಲಜನಕ 13 ದಿನದ್ದು.